ಗಾಲ್‌ಬ್ಲಾಡರ್ ತೆಗೆದ ಮೇಲೆ ಊಟಕ್ಕೆ ಎಣ್ಣೆ ಎಷ್ಟು ಹಾಕಬಹುದು?

ಪ್ರಶ್ನೆ:
ಅಮ್ಮನಿಗೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಗಾಲ್‌ಬ್ಲಾಡರ್ (ಪಿತ್ತಕೋಶ) ತೆಗೆದು ಇವತ್ತಿಗೆ ಆರು ದಿನ. ಡಿಸ್ಚಾರ್ಜ್ ಚೀಟಿಯಲ್ಲಿ ‘ಕೊಬ್ಬು ಕಡಿಮೆ’ ಅಂತಷ್ಟೇ ಬರೆದಿದ್ದಾರೆ. ಕಡಿಮೆ ಅಂದರೆ ಎಷ್ಟು? ಸದ್ಯಕ್ಕೆ ಗಂಜಿ, ತರಕಾರಿ ಸೂಪ್ ಬಿಟ್ಟು ಏನೂ ಕೊಡುತ್ತಿಲ್ಲ. ಉಂಡ ಸ್ವಲ್ಪ ಹೊತ್ತಿಗೇ ಹೊಟ್ಟೆ ಗುಡುಗುಡು ಅನ್ನುತ್ತೆ, ದಿನಕ್ಕೆ ಮೂರು ಸಲ ತೆಳ್ಳಗೆ ಭೇದಿ. ಎಣ್ಣೆ ಪೂರ್ತಿ ನಿಲ್ಲಿಸಬೇಕಾ?

ಉತ್ತರ 1:
ಪೂರ್ತಿ ನಿಲ್ಲಿಸಬೇಡಿ. ಜಿಡ್ಡು ಜೀರ್ಣವಾಗಲು ಬೇಕಾದ ಪಿತ್ತರಸ ಮಾಡುವುದು ಲಿವರ್, ಅದು ಈಗಲೂ ಮಾಡುತ್ತಿದೆ. ಗಾಲ್‌ಬ್ಲಾಡರ್ ಅದನ್ನು ಗಟ್ಟಿ ಮಾಡಿ ಕೂಡಿಟ್ಟುಕೊಂಡು, ಜಿಡ್ಡಿನ ಊಟ ಬಂದಾಗ ಹಿಂಡಿ ಕಳಿಸುತ್ತಿತ್ತು, ಅಷ್ಟೆ. ಈಗ ಪಿತ್ತರಸ ಇಡೀ ದಿನ ತೊಟ್ಟು ತೊಟ್ಟಾಗಿ ಕರುಳಿಗೆ ಇಳಿಯುತ್ತದೆ. ಹಾಗಾಗಿ ಒಂದೇ ಹೊತ್ತಿಗೆ ಎಷ್ಟು ಜಿಡ್ಡು ಹೋಯಿತು ಅನ್ನುವುದೇ ಮುಖ್ಯ.

ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯಬೇಡಿ, ಅಳತೆ ಚಮಚದಲ್ಲಿ ಹಾಕಿ. 5 ಎಂ.ಎಲ್.ನ ಒಂದು ಟೀ ಚಮಚದಲ್ಲಿ ಸುಮಾರು 4.5 ಗ್ರಾಂ ಕೊಬ್ಬು. ಮೊದಲ ಹತ್ತು ದಿನ ಹೊತ್ತಿಗೆ ಅರ್ಧ ಚಮಚ ಸಾಕು. ಮನೆಮಂದಿಗೆಲ್ಲ ಒಟ್ಟಿಗೆ ಅಡುಗೆ ಮಾಡುವಾಗ ಬಾಣಲೆಗೆ ಹಾಕಿದ್ದನ್ನು ತಲೆಗೆ ಭಾಗಿಸಿ: ನಾಲ್ಕು ಜನಕ್ಕೆ ಎರಡು ಚಮಚ ಹಾಕಿದರೆ ಅಮ್ಮನ ಪಾಲಿಗೆ ಅರ್ಧ. ಆದರೆ ಮೇಲೆ ತೇಲುವ ಎಣ್ಣೆಯೇ ಅವರ ತಟ್ಟೆಗೆ ಬಿದ್ದರೆ ಆ ಲೆಕ್ಕ ಕೆಟ್ಟಿತು. ಕಲಸಿ, ತಳದಿಂದ ಬಡಿಸಿ.

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ಬರೀ ಗಂಜಿಯಲ್ಲಿ ಪ್ರೋಟೀನ್ ಸಾಲದು, ಗಾಯ ಮಾಯಲು ಅದು ಬೇಕು. ನುಣ್ಣಗೆ ಬೆಂದ ಬೇಳೆ, ಕೆನೆ ತೆಗೆದ ಹಾಲಿನ ಮೊಸರು, ಮೊಟ್ಟೆಯ ಬಿಳಿ ಈಗಲೇ ಶುರು ಮಾಡಬಹುದು. ಮಾಂಸಾಹಾರಿಗಳಾದರೆ ಆವಿಯಲ್ಲಿ ಬೇಯಿಸಿದ ಮೀನು, ಚರ್ಮ ತೆಗೆದ ಕೋಳಿ.

ಉತ್ತರ 2:
ಭೇದಿಗೆ ಎರಡು ಕಾರಣ ಇರಬಹುದು. ಮಲ ಜಿಡ್ಡಾಗಿ, ತೇಲಿ, ಕಮೋಡಿಗೆ ಅಂಟಿಕೊಂಡರೆ ಕೊಬ್ಬು ಜೀರ್ಣವಾಗಿಲ್ಲ ಅಂತ, ಎಣ್ಣೆ ಇಳಿಸಿ. ಹಳದಿ ನೀರಿನಂತೆ, ಒಮ್ಮೆಲೇ ಅವಸರವಾಗಿ ಬಂದರೆ ಪಿತ್ತರಸ ದೊಡ್ಡ ಕರುಳಿಗೆ ತಲುಪಿ ನೀರು ಎಳೆಯುತ್ತಿರಬಹುದು. ಅದಕ್ಕೆ ಕರಗುವ ನಾರು ಸಹಾಯಕ, ಪಿತ್ತರಸವನ್ನು ಹಿಡಿದಿಟ್ಟುಕೊಳ್ಳುತ್ತೆ: ಓಟ್ಸ್, ಬಾಳೆಹಣ್ಣು, ಬೇಯಿಸಿದ ಸೇಬು, ಕ್ಯಾರೆಟ್. ಮೊದಲ ದಿನ ಓಟ್ಸ್ ಎರಡು ಚಮಚಕ್ಕಿಂತ ಹೆಚ್ಚು ಬೇಡ. ನಾರನ್ನು ಒಮ್ಮೆಲೇ ಏರಿಸಿದರೆ ಗ್ಯಾಸ್ ತುಂಬಿ, ಹೊಲಿಗೆ ಇರುವ ಹೊಟ್ಟೆಗೆ ಬಹಳ ಹಿಂಸೆ. ಕಾಫಿ, ಖಾರ, ತುಂಬಾ ಸಿಹಿ, ಕರಿದದ್ದು ಸದ್ಯಕ್ಕೆ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇಡೀ ಮೊಟ್ಟೆ, ಬೆಣ್ಣೆ ಯಾವಾಗ?

ಉತ್ತರ 1:
ಒಂದು ಮೊಟ್ಟೆಯ ಹಳದಿಯಲ್ಲೇ ಸುಮಾರು 5 ಗ್ರಾಂ ಕೊಬ್ಬಿದೆ. ಭೇದಿ ನಿಂತು ನಾಲ್ಕೈದು ದಿನ ಆದ ಮೇಲೆ ಬೇಯಿಸಿದ ಇಡೀ ಮೊಟ್ಟೆ ಒಂದು ಕೊಡಿ, ಆ ಹೊತ್ತಿಗೆ ಬೇರೆ ಎಣ್ಣೆ ಬೇಡ. ಎರಡು ದಿನ ಹೊಸದೇನೂ ಸೇರಿಸದೆ ಕಾಯಿರಿ. ಒಂದೇ ದಿನ ಮೊಟ್ಟೆ, ಬೆಣ್ಣೆ, ಹಾಲು ಮೂರನ್ನೂ ಕೊಟ್ಟರೆ ಯಾವುದು ಒಗ್ಗಲಿಲ್ಲ ಅಂತ ಗೊತ್ತಾಗುವುದೇ ಇಲ್ಲ. ಕೊಟ್ಟದ್ದನ್ನು, ಕೊಟ್ಟ ಹೊತ್ತನ್ನು ಬರೆದಿಡಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಮೂಲಿ ಊಟಕ್ಕೆ ಬರುತ್ತಾರೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮಲ ಬೂದಿಯಂತೆ ಬಿಳಚಿಕೊಳ್ಳುವುದು, ಬಿಡದ ವಾಂತಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಇವು ಊಟದಿಂದ ಬರುವ ತೊಂದರೆಗಳಲ್ಲ. ಪಿತ್ತರಸ ಹರಿಯುವ ನಾಳದಲ್ಲಿ ಕಲ್ಲು ಉಳಿದಿರಬಹುದು, ಪಿತ್ತರಸ ಸೋರುತ್ತಿರಬಹುದು. ಪಥ್ಯ ಬದಲಿಸುತ್ತಾ ಕೂರದೆ ಅವತ್ತೇ ಸರ್ಜನ್‌ಗೆ ತೋರಿಸಿ. ಇವು ಯಾವುವೂ ಇಲ್ಲದೆ ಬರೀ ಭೇದಿ ವಾರಗಟ್ಟಲೆ ನಡೆದರೂ ಕೇಳಿ. ಪಿತ್ತರಸವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಪುಡಿ ಇದೆ. ಅದು ಬೇರೆ ಮಾತ್ರೆಗಳನ್ನೂ ಹಿಡಿದುಬಿಡುತ್ತೆ, ಆದ್ದರಿಂದ ಬಿಪಿ, ಥೈರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅಂತರ ಎಷ್ಟಿರಬೇಕು ಅಂತ ಕೇಳಿಕೊಳ್ಳಿ.