ಕೊಡಗಿನ ಸಣ್ಣ ಹಿಡುವಳಿ: ಕಾಫಿಯೊಂದನ್ನೇ ನೆಚ್ಚಿಕೊಳ್ಳಬಹುದೇ?

ಪ್ರಶ್ನೆ (ವಿರಾಜಪೇಟೆ):
ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಆಸ್ತಿಯಲ್ಲಿ ನನ್ನ ಪಾಲಿಗೆ ಮೂರು ಎಕರೆ ರೊಬಸ್ಟಾ ಕಾಫಿ ತೋಟ, ಒಂದು ಎಕರೆ ಗದ್ದೆ ಬಂದಿವೆ. ಭತ್ತದಲ್ಲಿ ಕೂಲಿಯ ಹಣವೂ ಹುಟ್ಟುತ್ತಿಲ್ಲ. ಗದ್ದೆಯನ್ನು ಪಾಳು ಬಿಟ್ಟು ಕಾಫಿಯನ್ನಷ್ಟೇ ನಂಬಬಹುದೇ?

ಉತ್ತರ 1 (ಸೋಮವಾರಪೇಟೆ):
ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗಿನವರೆಲ್ಲರೂ ಸಣ್ಣ ಬೆಳೆಗಾರರೇ ಆಗಿರುವುದರಿಂದ, ಮೂರು ಎಕರೆಯವರ ಸಂಕಷ್ಟವು ಇಪ್ಪತ್ನಾಲ್ಕು ಎಕರೆಯವರ ಲೆಕ್ಕದೊಳಗೆ ಮರೆಯಾಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. 1961ರ ಭೂಸುಧಾರಣಾ ಕಾಯ್ದೆಯು ಕಾಫಿ ತೋಟಗಳನ್ನು ಭೂಹಿಡುವಳಿಯ ಗರಿಷ್ಠ ಮಿತಿಯಿಂದ ಹೊರಗಿಟ್ಟಿತು. ದೊಡ್ಡ ಎಸ್ಟೇಟುಗಳು ಉಳಿದವು, ನಮ್ಮ ಹಿಡುವಳಿಗಳು ತಲೆಮಾರಿಗೊಮ್ಮೆ ಪಾಲಾಗುತ್ತ ಕಿರಿದಾದವು. ಬೆಳೆಗಾರರು ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಡ್ಡಾಯ ಪೂಲಿಂಗ್ ವ್ಯವಸ್ಥೆ 1996ರಲ್ಲಿ ಪೂರ್ತಿಯಾಗಿ ಕೊನೆಗೊಂಡ ಬಳಿಕ, ಬೆಲೆ ಕುಸಿದರೆ ಆ ಹೊಡೆತ ನೇರವಾಗಿ ಬೆಳೆಗಾರನ ಮೇಲೆಯೇ ಬೀಳುತ್ತದೆ. ದೊಡ್ಡವರು ದಾಸ್ತಾನು ಇಟ್ಟುಕೊಂಡು ಕಾಯಬಲ್ಲರು. ಕುಯ್ಲಿನ ಕೂಲಿಗೇ ಸಾಲ ಮಾಡಿದವರು ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಕೂಡಲೇ ಮಾರಬೇಕಾಗುತ್ತದೆ.

ಉತ್ತರ 2 (ಪೊನ್ನಂಪೇಟೆ):
ಈಗ ಕಾಫಿ ತೋಟಗಳಿರುವ ಬಾಣೆಯು (ಗದ್ದೆಗೆ ಸೇರಿದ ಎತ್ತರದ ಜಮೀನು) ಮೂಲತಃ ಗದ್ದೆಗೆ ಸೊಪ್ಪು, ಸೌದೆ, ಮೇವು ಒದಗಿಸಲೆಂದು ಇದ್ದ ಭೂಮಿ ಎಂಬುದನ್ನು ಮರೆಯಬೇಡಿ. ಮನೆಯ ಊಟಕ್ಕಾಗುವಷ್ಟು ಭತ್ತ ಬೆಳೆಯಿರಿ. ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿಸಿರಿ.

ಪ್ರಶ್ನೆ ಕೇಳಿದವರು:
ಈ ವರ್ಷ ಅರ್ಧ ಎಕರೆಯಲ್ಲಾದರೂ ನಾಟಿ ಮಾಡುತ್ತೇನೆ.