ಅಪ್‌ಡೇಟ್: ಹಳೆಯ ಮೇಪಲ್ ಒಲೆ ಬಂತು, ಬಾಣಲೆ ಬರಲಿಲ್ಲ
ಅಮೆರಿಕದ ವರ್ಮಾಂಟ್‌ನಲ್ಲಿ ಮೇಪಲ್ ಮರದ ರಸ ಕಾಯಿಸಿ ಸಿರಪ್ ಮಾಡೋ ಹಳೆಯ ಇವ್ಯಾಪರೇಟರ್ (ಒಲೆ, ಅದರ ಮೇಲೊಂದು ಅಗಲ ಬಾಣಲೆ) ಕೊಳ್ಳಬಹುದಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಒಲೆ ಮಾತ್ರ ತಂದೆ. ನೀವು ಹೇಳಿದಂತೆ ಬಾಣಲೆಯ ಬೆಸುಗೆ ಮೇಲೆ ಸೀಸ ಪತ್ತೆಹಚ್ಚುವ ಸ್ವಾಬ್ (ಪರೀಕ್ಷೆಯ ಕಡ್ಡಿ) ಉಜ್ಜಿದೆ. ಕೆಂಪಾಯಿತು, ಅಂದರೆ ಸೀಸ ಇದೆ! ಮಾರುವವರು "ಮೂವತ್ತು ವರ್ಷ ಇದರಲ್ಲೇ ಕಾಯಿಸಿದ್ದೀವಿ" ಅಂದರು. ಇರಬಹುದು. ಆದರೆ ಸುಮಾರು 40 ಲೀಟರ್ ರಸ ಬತ್ತಿ 1 ಲೀಟರ್ ಸಿರಪ್ ಆಗುವಾಗ ಹೋಗೋದು ನೀರು, ಸೀಸ ಅಲ್ಲೇ ಉಳಿಯುತ್ತೆ. ನಮ್ಮ ಆಲೆಮನೆ ಕೊಪ್ಪರಿಗೆ ಲೆಕ್ಕವೇ ಇಲ್ಲೂ.

ಸೀಸದ ಬೆಸುಗೆಯಿಲ್ಲದೆ ಟಿಗ್ ವೆಲ್ಡ್ ಮಾಡಿದ (ವಿದ್ಯುತ್ ಕಿಡಿಯಿಂದ ಲೋಹವನ್ನೇ ಕರಗಿಸಿ ಜೋಡಿಸಿದ) ಸ್ಟೇನ್‌ಲೆಸ್ ಸ್ಟೀಲ್ ಬಾಣಲೆ ಹೊಸದೇ ಕೊಂಡೆ, ಜೇಬಿಗೆ ಕತ್ತರಿ ಬಿತ್ತು. ಒಲೆಯೊಳಗೆ ಬಿರುಕು ಬಿಟ್ಟಿದ್ದ ಇಟ್ಟಿಗೆಗಳನ್ನೂ ಬದಲಿಸಿದೆ. ಪುಕ್ಕಟೆ ಸಿಕ್ಕ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಬಕೆಟ್‌ಗಳನ್ನು ರಸಕ್ಕೆ ಬಳಸದೆ ಅವುಗಳಲ್ಲಿ ಈಗ ಚೆಂಡುಹೂವಿನ ಗಿಡ ಇಟ್ಟಿದ್ದೇನೆ.