ಫೋಟೊದಲ್ಲಿ ಬರೋ ನಾಯ್ಸ್ (ಕಾಳುಕಾಳು) ತೆಗೆಯೋಕೆ ಎಲ್ಲಾ ಒಂದರಲ್ಲೇ ಇರೋ ಸಾಫ್ಟ್‌ವೇರ್ ತಗೊಳ್ಳೋದಾ, ಬೇರೆ ಬೇರೆನಾ?

ಕಾಡುಪಾಪ:
ದಾಂಡೇಲಿ ಕಡೆ ಮಂಗಟ್ಟೆ (ಹಾರ್ನ್‌ಬಿಲ್) ಫೋಟೊ ತೆಗೀತಿರ್ತೀನಿ, ಬೆಳಗ್ಗೆ ಮರದ ಕೆಳಗೆ ಬೆಳಕೇ ಇರಲ್ಲ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 6400ಕ್ಕಿಂತ ಇಳಿಸಿದ್ರೆ ಶಟರ್ ಸ್ಪೀಡ್ ಸಿಗಲ್ಲ, ಫೋಟೊ ಪೂರ್ತಿ ನಾಯ್ಸು. ಎಡಿಟ್ ಮಾಡೋಕೆ ಲೈಟ್‌ರೂಮ್ ಕ್ಲಾಸಿಕ್ ಇದೆ. ಅದರ ಜೊತೆ ಟೋಪಾಜ್ ಫೋಟೊ ತರ ಎಲ್ಲಾ ಒಟ್ಟಿಗಿರೋದು ಹಾಕೊಳ್ಳಲಾ, ಇಲ್ಲಾ ನಾಯ್ಸ್‌ಗೆ ಡಿಎಕ್ಸ್‌ಒ ಪ್ಯೂರ್‌ರಾ, ದೊಡ್ಡದು ಮಾಡೋಕೆ ಗಿಗಾಪಿಕ್ಸೆಲ್ ಅಂತ ಬೇರೆ ಬೇರೆ ತಗೊಳ್ಳಲಾ? ಒಂದು ಫೋಟೊ 24×36 ಇಂಚು ಪ್ರಿಂಟ್ ಬೇರೆ ಹಾಕಿಸ್ಬೇಕು. ಗ್ರಾಫಿಕ್ಸ್ ಕಾರ್ಡ್ ಬರೀ 4 ಜಿಬಿ.

ಮಂಜುಹನಿ:
ದುಡ್ಡು ಹಾಕೋ ಮುಂಚೆ ಲೈಟ್‌ರೂಮಲ್ಲೇ ಇರೋ ಡೀನಾಯ್ಸ್ ಒತ್ತಿ ನೋಡಿದ್ರಾ? 2023 ಏಪ್ರಿಲಲ್ಲೇ ಬಂತಲ್ಲ. ರಾ ಫೈಲ್ (ಜೆಪೆಗ್ ಆಗೋ ಮುಂಚಿನ ಕ್ಯಾಮೆರಾದ ಮೂಲ ಫೈಲ್) ಇರ್ಬೇಕು ಅಷ್ಟೇ. ನಿಮ್ಮ ಕಾರ್ಡಲ್ಲಿ ನಿಧಾನ ಆಗುತ್ತೆ, ಹಾಕಿಟ್ಟು ಕಾಫಿ ಕುಡ್ಕೊಂಡು ಬನ್ನಿ.

ಸ್ಟುಡಿಯೊಮಾವ:
ನಾನು ಒಂದೇ ಸಾಫ್ಟ್‌ವೇರ್ ಅಂತೀನಿ. ಹಳೇ ಮದುವೆ ಆಲ್ಬಮ್ ಸ್ಕ್ಯಾನ್ ಮಾಡಿದ ಜೆಪೆಗ್ ಬರ್ತಾವೆ, ಮಸುಕು, ನಾಯ್ಸ್, ಚಿಕ್ಕ ಸೈಜ್ ಎಲ್ಲಾ ಒಟ್ಟಿಗೆ, ಮೂರು ಕಡೆ ತಿರುಗಿಸ್ತಾ ಕೂತ್ರೆ ಅಂಗಡಿ ನಡೆಯಲ್ಲ. ಪ್ಯೂರ್‌ರಾಗೆ ಜೆಪೆಗ್ ಕೊಟ್ರೆ ತಗೊಳ್ಳೋದೇ ಇಲ್ಲ.

ರೆಕ್ಕೆಪುಕ್ಕ:
ಮಾವಂಗೆ ಅದು ಸರಿ, ಹಕ್ಕಿಗೆ ಅಲ್ಲ. ಟೋಪಾಜ್‌ನವ್ರೂ ಮೊದ್ಲು ಡೀನಾಯ್ಸ್, ಶಾರ್ಪನ್, ಗಿಗಾಪಿಕ್ಸೆಲ್ ಅಂತ ಬೇರೆ ಬೇರೆನೇ ಮಾರ್ತಿದ್ರು, 2022ರಲ್ಲಿ ಮೂರೂ ಸೇರಿಸಿ ಫೋಟೊ ಎಐ ಮಾಡಿದ್ದು. ಇಂಥವುಗಳಲ್ಲಿ ಆಟೊ ಬಿಟ್ರೆ ನಾಯ್ಸ್ ತೆಗೆದ ಮೇಲೆ ಶಾರ್ಪೂ ತಾನೇ ಏರಿಸ್ಬಿಡೋ ಚಾನ್ಸ್ ಇರುತ್ತೆ, ಪುಕ್ಕ ಪ್ಲಾಸ್ಟಿಕ್ ಆಗುತ್ತೆ. ಟ್ರಯಲ್ ಹಾಕೊಂಡು ಮಂಗಟ್ಟೆ ಕಣ್ಣಿನ ಹತ್ರ 100% ಜೂಮ್ ಮಾಡಿ, ಅದಕ್ಕೆ ಉದ್ದ ರೆಪ್ಪೆ ಇರುತ್ತಲ್ಲ, ಅವು ಒಂದೊಂದೇ ಬಿಡಿಬಿಡಿಯಾಗಿ ಕಾಣ್ತವಾ ಇಲ್ಲಾ ಒಂದೇ ಕಪ್ಪು ಗೆರೆ ಆಗಿದೆಯಾ ನೋಡಿ. ನಾಯ್ಸ್ ಮೊದ್ಲು ರಾ ಮೇಲೆ, ಅಪ್‌ಸ್ಕೇಲ್ (ಪಿಕ್ಸೆಲ್ ಹೆಚ್ಚಿಸಿ ದೊಡ್ಡದು ಮಾಡೋದು) ಆಮೇಲೆ, ಪ್ರಿಂಟಿಗೆ ಬೇಕಾದ ಶಾರ್ಪ್ ಕೊನೆಗೆ. ಅಂದಹಾಗೆ ಕ್ರಾಪ್ ಎಷ್ಟು ಮಾಡಿದ್ದೀರಿ?

ಕಾಡುಪಾಪ:
ಅರ್ಧಕ್ಕರ್ಧ ಹೋಗಿದೆ, ಉದ್ದ 3000 ಪಿಕ್ಸೆಲ್ ಉಳಿದಿದೆ. ಫೈಲ್ ರಾ ನೇ.

ರೆಕ್ಕೆಪುಕ್ಕ:
ಹಂಗಾದ್ರೆ 36 ಇಂಚು ಉದ್ದಕ್ಕೆ ಹಾಕಿದ್ರೆ ಒಂದೊಂದು ಇಂಚಿಗೆ 83 ಪಿಕ್ಸೆಲ್ ಬೀಳುತ್ತೆ, ಕಮ್ಮಿ ಆಯ್ತು. ಲೈಟ್‌ರೂಮಲ್ಲೇ ಸೂಪರ್ ರೆಸಲ್ಯೂಶನ್ ಇದೆ, ಉದ್ದ ಅಗಲ ಎರಡೂ ಡಬಲ್ ಆಗುತ್ತೆ, 166 ಸಿಗುತ್ತೆ. ಗೋಡೆ ಮೇಲೆ ಹಾಕಿ ದೂರದಿಂದ ನೋಡೋದಕ್ಕೆ ಧಾರಾಳ ಸಾಕು. ನಾಯ್ಸ್ ಇನ್ನೂ ತೃಪ್ತಿ ಆಗ್ಲಿಲ್ಲ ಅಂದ್ರೆ ಪ್ಯೂರ್‌ರಾ ಒಂದು ತಗೊಳ್ಳಿ, ಗಿಗಾಪಿಕ್ಸೆಲ್ ಸದ್ಯಕ್ಕೆ ಬೇಡ.

ಸ್ಟುಡಿಯೊಮಾವ:
ಪ್ರಿಂಟ್ ಮ್ಯಾಟ್ ಪೇಪರಲ್ಲಿ ಹಾಕ್ಸಿ, ಗ್ಲಾಸಿ ಬೇಡ, ಲೈಟ್ ಹೊಡೆಯುತ್ತೆ.